ಎಷ್ಟು ಇಂಚಿನದು?

ನಾವು ನೋಡುತ್ತಿದ್ದ ಹಳೆಯ ಹಾಲಿವುಡ್ ಚಿತ್ರದಲ್ಲಿ ವಿಧವೆ ಕ್ಯಾರಿಯ ಮುಖ ಆಕೆಯ ಮನೆಗೆ ಬಂದ ಹೊಸ ಟಿ.ವಿ.ಯ ಕಪ್ಪು ಗಾಜಿನಲ್ಲಿ ಮೂಡಿದ ಗಳಿಗೆಯಲ್ಲೇ ನಮ್ಮ ಭಾವನವರು, “ಎಷ್ಟು ಇಂಚಿನದು ಅದು?” ಎಂದರು. ನಾನು ಬಾಯಿ ಬಿಡಲಿಲ್ಲ. ಮನಸ್ಸಿನಲ್ಲಿ ಬಂದದ್ದನ್ನು ಅಕ್ಕನ ಗಂಡನಿಗೆ ಹೇಳುವಂತಿರಲಿಲ್ಲ.

ಡಗ್ಲಸ್ ಸರ್ಕ್ ನಿರ್ದೇಶಿಸಿದ, 1955ರ ‘ಆಲ್ ದಟ್ ಹೆವನ್ ಅಲೌಸ್’ ಚಿತ್ರ ಅದು. ಗಿಡ ಸವರಲು ಬರುವ ರಾನ್‌ನನ್ನು ಮದುವೆಯಾಗುತ್ತೇನೆಂದು ತಾಯಿ ಹೇಳಿದ್ದೇ ತಡ, ಅಪ್ಪ ಬಾಳಿದ ಮನೆ ಎಂದು ಹಾರಾಡಿದ್ದ ಮಗ ನೆಡ್. ಆಕೆ ರಾನ್‌ನನ್ನು ಬಿಟ್ಟುಕೊಟ್ಟ ಮೇಲೆ ಕ್ರಿಸ್‌ಮಸ್ಸಿಗೆ ಬಂದವನು ಅದೇ ಮನೆಯನ್ನು ಮಾರಿಬಿಡೋಣ ಎನ್ನುತ್ತಾನೆ. ಮಗಳು ಕೇ ಮದುವೆಯಾಗಿ ಹೊರಡಲಿದ್ದಾಳೆ. ಮನೋವಿಜ್ಞಾನಿ ಫ್ರಾಯ್ಡ್‌ನನ್ನು ಅರೆದು ಕುಡಿದ ಈ ಹುಡುಗಿ ಮೊದಲೊಮ್ಮೆ, ಹಿಂದೆ ಈಜಿಪ್ಟಿನಲ್ಲಿ ವಿಧವೆಯನ್ನು ಗಂಡನ ಸೊತ್ತಿನೊಂದಿಗೆ ಗೋರಿಯೊಳಗೆ ಮುಚ್ಚುತ್ತಿದ್ದರು, ಈಗ ಅದೆಲ್ಲ ಇಲ್ಲ ಎಂದಿದ್ದಳು. ಈಜಿಪ್ಟಿನಲ್ಲಿ ಇಲ್ಲದಿರಬಹುದು ಎಂದಿದ್ದಳು ತಾಯಿ. ಮಕ್ಕಳಿಬ್ಬರೂ ಹೊರಡುವ ಹೊತ್ತಿಗೆ ಮನೆಗೆ ಟಿ.ವಿ. ಬರುತ್ತದೆ. ಬದುಕಿನ ಮೆರವಣಿಗೆಯೇ ನಿಮ್ಮ ಬೆರಳ ತುದಿಯಲ್ಲಿ ಎಂದು ಅಂಗಡಿಯವನು ಹೊಗಳುತ್ತಾನೆ.

ನಮ್ಮ ಭಾವನವರೂ ಹಳ್ಳಿಯಲ್ಲಿರುವ ತಮ್ಮ ತಾಯಿಗೆ ದೀಪಾವಳಿಗೆ ಒಂದನ್ನು ಗೋಡೆಗೆ ಹಾಕಿಸಿಕೊಟ್ಟಿದ್ದಾರೆ. ಆಮೇಲೆ ಅವರು ಆ ಕಡೆ ತಲೆ ಹಾಕಿದ್ದನ್ನು ನಾನು ಕಂಡಿಲ್ಲ.

ಆದರೆ ಆ ಪೆಟ್ಟಿಗೆಯ ಕತೆ ಚಿತ್ರದ ಕತೆಗಿಂತ ದೊಡ್ಡದು. ಆಗಿನ ಹಾಲಿವುಡ್ಡಿಗೆ ಟಿ.ವಿ. ಎಂದರೆ ಸವತಿ. ಜನ ಚಿತ್ರಮಂದಿರ ಬಿಟ್ಟು ಮನೆಯ ಸೋಫಾದಲ್ಲಿ ಕುಳಿತುಬಿಟ್ಟಿದ್ದರು. ಅವರನ್ನು ಎಬ್ಬಿಸಿ ಕರೆತರಲು ನಿರ್ಮಾಪಕರು ಪರದೆ ಹಿಗ್ಗಿಸಿದರು, ಬಣ್ಣ ಬಳಿದರು, ಕಣ್ಣಿಗೆ ತ್ರೀಡಿ ಕನ್ನಡಕ ತೊಡಿಸಿದರು. ಯೂನಿವರ್ಸಲ್ ಸ್ಟುಡಿಯೋದ ಈ ಚಿತ್ರದಲ್ಲಿ ಟಿ.ವಿ. ವಿಧವೆಯ ಸೆರೆಮನೆಯಾಗಿರುವುದರಲ್ಲಿ ವ್ಯಾಪಾರದ ಹೊಟ್ಟೆಕಿಚ್ಚೂ ಸ್ವಲ್ಪ ಇತ್ತೆಂದು ನನ್ನ ಗುಮಾನಿ. ತಮಾಷೆಯೆಂದರೆ ಕ್ಯಾರಿಯಾದ ಜೇನ್ ವೈಮನ್ ಅದೇ 1955ರಲ್ಲಿ ‘ಫೈರ್‌ಸೈಡ್ ಥಿಯೇಟರ್’ ಎಂಬ ನಾಟಕಮಾಲೆಯ ನಿರೂಪಕಿಯಾಗಿ ಆ ಪೆಟ್ಟಿಗೆಯೊಳಕ್ಕೇ ಹೊಕ್ಕರು. 1981ರಿಂದ 1990ರವರೆಗೆ ‘ಫಾಲ್ಕನ್ ಕ್ರೆಸ್ಟ್’ ಧಾರಾವಾಹಿಯಲ್ಲಿ ದ್ರಾಕ್ಷಿತೋಟದ ಯಜಮಾನಿಯಾಗಿ ಇಡೀ ಕುಟುಂಬವನ್ನು ಕುಣಿಸಿದರು. ರಾನ್ ಆಗಿದ್ದ ರಾಕ್ ಹಡ್ಸನ್ 1970ರ ದಶಕದಲ್ಲಿ ‘ಮೆಕ್‌ಮಿಲನ್ ಅಂಡ್ ವೈಫ್’ನ ಪೊಲೀಸ್ ಕಮಿಷನರ್ ಆಗಿ ಅಲ್ಲಿಗೇ ಬಂದರು. ಚಿತ್ರ ಬೈದದ್ದನ್ನು ಟಿ.ವಿ. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಛಾಯಾಗ್ರಾಹಕ ರಸೆಲ್ ಮೆಟ್ಟಿಯ ಬಣ್ಣಗಳ ಬಗ್ಗೆ ಬರೆಯಬೇಕೆಂದೇ ಕುಳಿತಿದ್ದೆ. ಕ್ಯಾರಿ ಕೆಂಪು ಉಡುಪು ತೊಟ್ಟಾಗ ಊರವರ ಹುಬ್ಬು ಏರುವುದರಲ್ಲಿ ಏನೋ ಒಂದು ಹೊಳೆದಿತ್ತು. ಭಾವನವರ ಇಂಚಿನಲ್ಲಿ ಅದು ಕೊಚ್ಚಿಹೋಯಿತು. ವೈಮನ್‌ಗೆ ಆಗ ಬರೀ 38 ವರ್ಷ ಎಂಬುದಂತೂ ನನಗೆ ಇಂದಿಗೂ ಸಿಟ್ಟು ಬರಿಸುತ್ತದೆ. ಆ ವಯಸ್ಸಿಗೇ ಬೆಂಕಿಗೂಡಿನ ಮುಂದೆ ಕೂರಿಸಿ ಟಿ.ವಿ. ಕೊಡುವುದೇ?

ಕೊನೆಗೆ ಕ್ಯಾರಿ, ರಾನ್ ಇಬ್ಬರೂ ಒಂದಾಗುತ್ತಾರೆ, ನಿಜ. ಆದರೆ ಯಾವಾಗ? ರಾನ್ ಹಿಮದಲ್ಲಿ ಜಾರಿ ಬಿದ್ದು, ತಲೆಗೆ ಪೆಟ್ಟಾಗಿ ಮಲಗಿದ ಮೇಲೆ. ವಿಧವೆ ಗಂಡಸಿನ ಪಕ್ಕದಲ್ಲಿ ಕುಣಿದರೆ ಊರೆಲ್ಲ ಬಾಯಿ ಬಡಿದುಕೊಳ್ಳುತ್ತದೆ, ಹಾಸಿಗೆ ಹಿಡಿದವನ ಶುಶ್ರೂಷೆಗೆ ಕುಳಿತರೆ ಯಾರ ತಕರಾರೂ ಇಲ್ಲ. ನಾನು ಇದನ್ನು ಹೇಳುವಷ್ಟರಲ್ಲಿ ಭಾವನವರು ಕ್ರಿಕೆಟ್ ಹಾಕಿದ್ದರು.