ಅಮೆರಿಕದ ಬ್ಯಾಂಕಿಗೆ ಕಸಿನ್ ಮನೆ ಅಡ್ರೆಸ್ ಯಾಕೆ ಕೊಡ್ತೀರಿ?

ಟೊರಾಂಟೊ ಸುತ್ತಮುತ್ತಲಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಏಳುವ ಪ್ರಶ್ನೆ ಒಂದಿದೆ. "ಅಮೆರಿಕದ ಕ್ರೆಡಿಟ್ ಕಾರ್ಡ್ ತಗೊಳ್ಳೋದು ಹೇಗೆ? ಅಲ್ಲಿ ಬೋನಸ್ ಪಾಯಿಂಟ್ ಜಾಸ್ತಿಯಂತೆ." ಪ್ರಶ್ನೆ ಬಿದ್ದ ಸ್ವಲ್ಪ ಹೊತ್ತಿಗೇ ಉತ್ತರವೂ ಬರುತ್ತದೆ. "ಬಫಲೋದಲ್ಲೋ ನ್ಯೂಜೆರ್ಸಿಯಲ್ಲೋ ನೆಂಟರಿದ್ರೆ ಅವರ ಅಡ್ರೆಸ್ ಹಾಕಿಬಿಡಿ, ಆಗೋಗುತ್ತೆ."

ಆಗುವುದೇನೋ ಆಗುತ್ತದೆ. ಆಮೇಲಿನ ಕಥೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ಕೆನಡಾದಲ್ಲಿ ಕೂತು, ಕೆನಡಾದಲ್ಲೇ ಇದ್ದೇನೆ ಅಂತ ಹೇಳಿಕೊಂಡೇ ಅಮೆರಿಕದ ಖಾತೆ ತೆರೆಯಬಹುದು. ಕಾರ್ಡೂ ಸಿಗುತ್ತದೆ. ಸುಳ್ಳಿನ ಅಗತ್ಯವೇ ಇಲ್ಲ. ಇನ್ನೊಂದು ಮಾತು: ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಖಾತೆ, ಕಾರ್ಡಲ್ಲ. ಖಾತೆ ಬಿಟ್ಟು ಪಾಯಿಂಟಿನ ಹಿಂದೆ ಓಡುವುದು ಮದುವೆ ಮನೆಯಲ್ಲಿ ಊಟ ಬಿಟ್ಟು ಬೀಡಾಕ್ಕೆ ಕ್ಯೂ ನಿಂತ ಹಾಗೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಕೆನಡಾದ ಬ್ಯಾಂಕುಗಳು 'ಯುಎಸ್ ಡಾಲರ್ ಅಕೌಂಟ್' ಅಂತ ಕೊಡುತ್ತವಲ್ಲ, ಅದು ಅಮೆರಿಕದ ಖಾತೆ ಅಲ್ಲ. ಕೆನಡಾದ ಖಾತೆಯಲ್ಲಿ ಅಮೆರಿಕದ ಡಾಲರ್ ಇಟ್ಟಿರುತ್ತೀರಿ, ಅಷ್ಟೇ. ಅದಕ್ಕೆ ಅಮೆರಿಕದಲ್ಲಿ ಬ್ಯಾಂಕನ್ನು ಗುರುತಿಸುವ ಒಂಬತ್ತು ಅಂಕಿಯ ರೌಟಿಂಗ್ ನಂಬರ್ ಇರುವುದಿಲ್ಲ. ಹಾಗಾಗಿ ಅಲ್ಲಿಯ ಕರೆಂಟ್ ಬಿಲ್ ಕಟ್ಟಲು, ಅಲ್ಲಿಯ ಕಂಪನಿಯಿಂದ ನೇರ ಸಂಬಳ ಹಾಕಿಸಿಕೊಳ್ಳಲು, ಅಲ್ಲಿರುವ ತಮ್ಮನಿಗೆ ಜೆಲ್ (ಅಲ್ಲಿಯ ಬ್ಯಾಂಕುಗಳ ನಡುವೆ ಫೋನಲ್ಲೇ ದುಡ್ಡು ಕಳಿಸುವ ಸೇವೆ) ಮಾಡಲು ಅದು ಕೆಲಸಕ್ಕೆ ಬರುವುದಿಲ್ಲ. ಹೆಸರು ನೋಡಿ ಮೋಸಹೋದವರು ಬಹಳ ಜನ ಇದ್ದಾರೆ.

ನಿಜವಾದ ಅಮೆರಿಕನ್ ಖಾತೆ ಬೇಕಾದರೆ ಇಲ್ಲಿಯ ದೊಡ್ಡ ಬ್ಯಾಂಕುಗಳಲ್ಲೇ ದಾರಿ ಇದೆ. ಆರ್‌ಬಿಸಿ, ಟಿಡಿ, ಬಿಎಂಒ, ಸಿಐಬಿಸಿ ನಾಲ್ಕಕ್ಕೂ ಗಡಿಯಾಚೆ ತಮ್ಮದೇ ಬ್ಯಾಂಕ್ ಇದೆ. ಆರ್‌ಬಿಸಿಯದ್ದು ಜಾರ್ಜಿಯಾದಲ್ಲಿ ನೋಂದಾಯಿಸಿದ್ದು. ಸಿಐಬಿಸಿ 2017ರಲ್ಲಿ ಶಿಕಾಗೋದ ಬ್ಯಾಂಕ್ ಒಂದನ್ನು ಕೊಂಡಿತು. ಬಿಎಂಒ 2023ರಲ್ಲಿ ಬ್ಯಾಂಕ್ ಆಫ್ ದಿ ವೆಸ್ಟ್ ಕೊಂಡು ಕ್ಯಾಲಿಫೋರ್ನಿಯಾದವರೆಗೂ ಕೈ ಚಾಚಿತು. ಇವರಿಗೆ ಕೆನಡಾದವರು ಗಿರಾಕಿಗಳಾಗಿ ಬರುತ್ತಾರೆ ಅಂತ ಮೊದಲೇ ಗೊತ್ತು. ಚಳಿಗಾಲ ಬಂತೆಂದರೆ ಫ್ಲೋರಿಡಾ, ಅರಿಝೋನಾ ಸೇರುವ ಕೆನಡಾದ ಹಿರಿಯರಿಗಾಗಿ ಹುಟ್ಟಿದ ವ್ಯವಸ್ಥೆ ಇದು. ಅದರ ಲಾಭ ನಮಗೂ ಇದೆ.

ನಾನು ಮೊದಲು ಹೋಗಿದ್ದು ನಯಾಗರಾದ ಆಚೆ ದಡದಲ್ಲಿ ಅಪ್ಪಟ ಅಮೆರಿಕನ್ ಬ್ಯಾಂಕೊಂದಕ್ಕೆ. ಹೆಸರು ಬೇಡ ಬಿಡಿ. ಕೌಂಟರ್ ಮೇಲೆ ಮಕ್ಕಳಿಗೆ ಅಂತ ಲಾಲಿಪಾಪ್ ಬಟ್ಟಲು. ಒಳಗಿದ್ದ ಹುಡುಗಿ ಬಹಳ ಮರ್ಯಾದೆಯಿಂದ ಪಾಸ್‌ಪೋರ್ಟ್ ತಗೊಂಡಳು, ಟೈಪ್ ಮಾಡಿದಳು, ಎಸ್‌ಎಸ್‌ಎನ್ (ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್) ಕೇಳುವ ಜಾಗಕ್ಕೆ ಬಂದು ನಿಂತಳು. ಅದು ಖಾಲಿ ಇದ್ದರೆ ಅವಳ ಕಂಪ್ಯೂಟರ್ ಮುಂದಿನ ಪುಟಕ್ಕೇ ಹೋಗುತ್ತಿರಲಿಲ್ಲ. ಮ್ಯಾನೇಜರ್ ಬಂದರು, ಬಗ್ಗಿ ನೋಡಿದರು, "ಸಾರಿ" ಅಂದರು. ತಮಾಷೆ ಏನು ಗೊತ್ತಾ? ಅಮೆರಿಕದ ಕಾನೂನು ಎಸ್‌ಎಸ್‌ಎನ್ ಬೇಕೇ ಬೇಕು ಅನ್ನುವುದಿಲ್ಲ. 2001ರ ಪೇಟ್ರಿಯಟ್ ಆ್ಯಕ್ಟ್ ಅಡಿ ಬಂದ ಗುರುತಿನ ನಿಯಮದಲ್ಲಿ ವಿದೇಶಿಯರಿಗೆ ಪಾಸ್‌ಪೋರ್ಟ್ ನಂಬರ್ ಮತ್ತು ಅದನ್ನು ಕೊಟ್ಟ ದೇಶದ ಹೆಸರು ಸಾಕು. ಉಳಿದದ್ದೆಲ್ಲ ಆಯಾ ಬ್ಯಾಂಕಿನ ಮರ್ಜಿ.

ಇನ್ನೊಂದು ತೊಡಕು. ನಮ್ಮಲ್ಲಿ ಅನೇಕರು ಇನ್ನೂ ಭಾರತದ ಪಾಸ್‌ಪೋರ್ಟಿನವರು. ಕೆನಡಾದ ಖಾಯಂ ವಾಸದ ಪಿಆರ್ ಕಾರ್ಡ್ ಇದ್ದರೂ ಅಮೆರಿಕಕ್ಕೆ ಕಾಲಿಡಲು ವೀಸಾ ಬೇಕು. ಬ್ಯಾಂಕಿನ ಬಾಗಿಲು ತಟ್ಟುವುದಕ್ಕೆ ವೀಸಾಗೆ ಕಾಯುವುದು ಯಾರಿಗೆ ಬೇಕು? ಇಲ್ಲಿಂದಲೇ ಫೋನಲ್ಲೋ ಆನ್‌ಲೈನಲ್ಲೋ ಮುಗಿಯುವ ದಾರಿಯೇ ಮೇಲು.

ಹಾಗೆ ತೆರೆಯುವಾಗ ನಿಮ್ಮ ಕೈಗೆ ಒಂದು ಫಾರಂ ಬರುತ್ತದೆ. ಹೆಸರು ಡಬ್ಲ್ಯೂ-8ಬೆನ್, ತೆರಿಗೆ ಲೆಕ್ಕದಲ್ಲಿ ನಾನು ಅಮೆರಿಕದವನಲ್ಲ ಅಂತ ಬರೆದುಕೊಡುವ ಫಾರಂ. ಒಂದೇ ಪುಟ, ಆದರೆ ನಿಧಾನವಾಗಿ ಓದಬೇಕಾದ ಪುಟ. 2ನೇ ಸಾಲಿನಲ್ಲಿ ಯಾವ ದೇಶದ ಪ್ರಜೆ ಅಂತ ಕೇಳುತ್ತದೆ. ಅಲ್ಲಿ ಭಾರತದ ಪಾಸ್‌ಪೋರ್ಟಿನವರು ಭಾರತ ಅಂತ ಬರೆಯಬೇಕು, ಗಡಿಬಿಡಿಯಲ್ಲಿ ಕೆನಡಾ ಅಂತ ಬರೆಯಬಾರದು. 3ನೇ ಸಾಲಿನಲ್ಲಿ ಖಾಯಂ ವಾಸದ ವಿಳಾಸ. ಪಕ್ಕದಲ್ಲೇ ಅಚ್ಚಾಗಿದೆ, ಪಿಒ ಬಾಕ್ಸ್ ಕೊಡಬೇಡಿ, ಇನ್ನೊಬ್ಬರ ಕೇರಾಫ್ ಕೊಡಬೇಡಿ ಅಂತ. 4ನೇ ಸಾಲು ಅಂಚೆ ವಿಳಾಸಕ್ಕೆ, ಅದು ಬೇರೆ ಇದ್ದರೆ ಮಾತ್ರ. 6ಎ ಸಾಲಿನಲ್ಲಿ ನಿಮ್ಮ ಕೆನಡಾದ ಸಿನ್ (ಸೋಷಿಯಲ್ ಇನ್ಶೂರೆನ್ಸ್) ನಂಬರ್. ಕೊನೆಯಲ್ಲಿ ಸಹಿ. ಸಹಿಯ ಮೇಲೆ, ಹೇಳಿದ್ದು ಸುಳ್ಳಾದರೆ ಶಿಕ್ಷೆಗೆ ಗುರಿಯಾಗುತ್ತೇನೆ ಎಂಬ ಒಕ್ಕಣೆ.

ನೋಡಿ, ವಾಸ ಎಲ್ಲಿ, ಕಾಗದ ಬರುವುದೆಲ್ಲಿ ಅಂತ ಫಾರಂ ತಾನೇ ಬೇರೆ ಬೇರೆ ಕೇಳುತ್ತಿದೆ. ಕಸಿನ್ ಮನೆಗೆ ಕಾರ್ಡ್ ಕಳಿಸಿ ಅನ್ನುವುದು ಒಂದು. ಕಸಿನ್ ಮನೆಯಲ್ಲೇ ನಾನಿದ್ದೇನೆ ಅನ್ನುವುದು ಬೇರೆ. ಮೊದಲನೆಯದನ್ನು ಬ್ಯಾಂಕ್ ಒಪ್ಪಬಹುದು, ಬಿಡಬಹುದು, ಅದು ಅವರಿಷ್ಟ. ಎರಡನೆಯದು ಸುಳ್ಳು. ಆನ್‌ಲೈನ್ ಅರ್ಜಿಯಲ್ಲಿ ನೆಂಟರ ಅಡ್ರೆಸ್ ಹಾಕಿ ಮುಂದೆ ಹೋದರೆ ಸಾಮಾನ್ಯವಾಗಿ ಡಬ್ಲ್ಯೂ-8 ಬರುವುದೇ ಇಲ್ಲ. ಅದರ ಬದಲು 'ನಾನು ತೆರಿಗೆ ಲೆಕ್ಕದಲ್ಲಿ ಅಮೆರಿಕದವನು' ಅನ್ನುವ ಡಬ್ಲ್ಯೂ-9 ಮಾತಿನ ಮುಂದೆ ಟಿಕ್ ಹೊಡೆಸಿಕೊಳ್ಳುತ್ತಾರೆ. ಯಾರು ಓದುತ್ತಾರೆ? ಸುಮ್ನೆ ಒತ್ತಿ ಮುಂದೆ ಹೋಗುತ್ತಾರೆ.

ಇನ್ನು ದುಡ್ಡಿನ ಲೆಕ್ಕಕ್ಕೆ ಬರೋಣ. ಹೆಚ್ಚಿನ ಕೆನಡಿಯನ್ ಕಾರ್ಡುಗಳು ಪರದೇಶದ ಖರ್ಚಿನ ಮೇಲೆ 2.5% ಶುಲ್ಕ ಹಾಕುತ್ತವೆ. ಬಫಲೋದಲ್ಲಿ ಸಾವಿರ ಡಾಲರ್ ಖರ್ಚು ಮಾಡಿದರೆ 25 ಡಾಲರ್ ಹೋಯಿತು. "ಅದಕ್ಕೇ ಅಣ್ಣಾ ಅಮೆರಿಕನ್ ಕಾರ್ಡ್ ಬೇಕು" ಅಂತ ಒಬ್ಬ ಹುಡುಗ ನನಗೆ ವಾದಿಸಿದ. ಸರಿ ಮಾರಾಯ, ಆ ಕಾರ್ಡಿನ ಬಿಲ್ ಯಾವ ದುಡ್ಡಲ್ಲಿ ಕಟ್ಟುತ್ತೀಯಾ? ಅಮೆರಿಕದ ಡಾಲರಿನಲ್ಲೇ ತಾನೇ? ನಿನ್ನ ಸಂಬಳ ಬರುವುದು ಕೆನಡಾದ ಡಾಲರಿನಲ್ಲಿ. ಅದನ್ನು ಬದಲಿಸುವಾಗ ಬ್ಯಾಂಕ್ ತನ್ನ ದರದೊಳಗೇ ಸುಮಾರು ಅಷ್ಟನ್ನೇ ಕತ್ತರಿಸಿಕೊಳ್ಳುತ್ತದೆ. ಬಿಲ್ಲಿನಲ್ಲಿ ಶುಲ್ಕ ಅಂತ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಡಾಲರ್ ಅಗ್ಗಕ್ಕೆ ಬದಲಿಸುವ ದಾರಿಗಳೂ ಇವೆ. ವೈಸ್ ಥರದ, ಆನ್‌ಲೈನಲ್ಲಿ ದುಡ್ಡು ಬದಲಿಸಿ ಕಳಿಸುವ ಕಂಪನಿ ಒಂದು. ಇನ್ನೊಂದು, ಟೊರಾಂಟೊ ಷೇರು ಪೇಟೆಯಲ್ಲಿ ಡಿಎಲ್ಆರ್ ಅನ್ನುವ ಇಟಿಎಫ್ (ಷೇರಿನ ಹಾಗೆ ಕೊಂಡು ಮಾರುವ ಫಂಡ್) ಅನ್ನು ಕೆನಡಾ ಡಾಲರಿನಲ್ಲಿ ಕೊಂಡು, ಅದರ ಅಮೆರಿಕನ್ ಡಾಲರ್ ರೂಪಕ್ಕೆ ಬದಲಿಸಿ ಮಾರುವುದು. ನಾರ್ಬರ್ಟ್ಸ್ ಗ್ಯಾಂಬಿಟ್ ಅಂತಾರೆ. ದೊಡ್ಡ ಮೊತ್ತಕ್ಕೆ ಚೆನ್ನಾಗಿದೆ. ಟಾರ್ಗೆಟ್ ಅಂಗಡಿಯಲ್ಲಿ ಮಕ್ಕಳ ಜಾಕೆಟ್ ಕೊಳ್ಳಲು ಇಷ್ಟೆಲ್ಲ ಯಾಕೆ? ಪರದೇಶದ ಶುಲ್ಕ ಹಾಕದ ಕೆನಡಿಯನ್ ಕಾರ್ಡುಗಳೇ ಇವೆ. ಸ್ಕೋಷಿಯಾಬ್ಯಾಂಕಿನ ಪಾಸ್‌ಪೋರ್ಟ್ ವೀಸಾ ಇನ್ಫಿನಿಟ್, ಇಕ್ಯೂ ಬ್ಯಾಂಕಿನ ಪ್ರೀಪೇಯ್ಡ್ ಕಾರ್ಡ್ ಅಂಥವು. ವರ್ಷಕ್ಕೆ ನಾಲ್ಕಾರು ಸಲ ಗಡಿ ದಾಟುವವರಿಗೆ ಅದು ಸಾಕು.

ಪೆಟ್ರೋಲ್ ಬಂಕಿನಲ್ಲಿ ಜಿಪ್ ಕೋಡ್ ಕೇಳುತ್ತದಲ್ಲ ಅನ್ನುತ್ತೀರಿ. ಕೇಳುತ್ತದೆ. ನಿಮ್ಮ ಪೋಸ್ಟಲ್ ಕೋಡಿನ ಮೂರು ಅಂಕಿ ತೆಗೆದುಕೊಂಡು ಕೊನೆಗೆ ಎರಡು ಸೊನ್ನೆ ಹಾಕಿ. ಮಿಸಿಸಾಗಾ ಸಿಟಿ ಹಾಲಿನ ಎಲ್5ಬಿ 3ಸಿ1 ಅಂದರೆ 53100. ಬಹಳಷ್ಟು ಕಡೆ ನಡೆಯುತ್ತದೆ. ನಡೆಯದಿದ್ದರೆ ಒಳಗೆ ಹೋಗಿ ಕ್ಯಾಷಿಯರಿಗೆ ಕಾರ್ಡ್ ಕೊಡಿ. ಕಾಸ್ಟ್‌ಕೋದ್ದು ಮಾತ್ರ ನಿಜವಾದ ಪೀಕಲಾಟ. ಕೆನಡಾದ ಕಾಸ್ಟ್‌ಕೋ ಕ್ರೆಡಿಟ್ ಕಾರ್ಡುಗಳಲ್ಲಿ ಮಾಸ್ಟರ್‌ಕಾರ್ಡ್ ಮಾತ್ರ ತಗೊಳ್ಳುತ್ತದೆ, ಅಮೆರಿಕದ್ದು ವೀಸಾ ಮಾತ್ರ. ಇಲ್ಲಿಯ ಕಾಸ್ಟ್‌ಕೋಗೆ ಅಂತಲೇ ತೆಗೆದ ಕಾರ್ಡ್ ಹಿಡಿದು ಅಲ್ಲಿ ತುಂಬಿದ ಗಾಡಿ ಸಮೇತ ನಿಂತವರ ಮುಖ ನೋಡಬೇಕು.

ಹಾಗಾದರೆ ಪಾಯಿಂಟು? ಅಮೆರಿಕದ ಕಾರ್ಡುಗಳಲ್ಲಿ ಬೋನಸ್ ಜಾಸ್ತಿ ಅನ್ನುವುದು ಸುಳ್ಳಲ್ಲ. ಅಲ್ಲಿ ಅಂಗಡಿಯವನು ಪ್ರತಿ ವ್ಯಾಪಾರಕ್ಕೆ ಕಾರ್ಡಿನವರಿಗೆ ಕೊಡುವ ಪಾಲು ಹೆಚ್ಚು, ಅದರಲ್ಲೇ ನಿಮಗೆ ಬೋನಸ್ ಬರುವುದು. ಕೆನಡಾದಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ನವರು ಸರ್ಕಾರದ ಒತ್ತಾಯಕ್ಕೆ ಆ ಪಾಲನ್ನು 2020ರಲ್ಲಿ ಸರಾಸರಿ 1.4%ಗೆ ಇಳಿಸಿದರು. ಇಲ್ಲಿಯ ಅಂಗಡಿಯವರಿಗೆ ಒಳ್ಳೆಯದಾಯಿತು, ಪಾಯಿಂಟ್ ಬೇಟೆಗಾರರಿಗೆ ಬೇಜಾರಾಯಿತು.

ಕಾರ್ಡ್ ಬೇಕೇ ಬೇಕು ಅನ್ನುವವರಿಗೆ ನೇರ ದಾರಿ ಇದೆ. ಆರ್‌ಬಿಸಿ, ಟಿಡಿ ಎರಡೂ ನಿಮ್ಮ ಕೆನಡಾದ ಕ್ರೆಡಿಟ್ ಇತಿಹಾಸ ನೋಡಿ ಅಮೆರಿಕನ್ ಕಾರ್ಡ್ ಕೊಡುವುದುಂಟು. ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ನವರು ಇಲ್ಲಿ ನಿಮ್ಮ ಕಾರ್ಡ್ ಮೂರು ತಿಂಗಳಾದರೂ ಸರಿಯಾಗಿ ನಡೆದಿದ್ದರೆ ಅಲ್ಲಿಯ ಅರ್ಜಿಗೆ ಅದನ್ನು ಲೆಕ್ಕಕ್ಕೆ ತಗೊಳ್ಳುತ್ತಾರೆ. ಆದರೆ ಅಲ್ಲಿ ಅಮೆರಿಕದ ವಿಳಾಸ ಬೇಕು. ನಿಜವಾಗಿ ಅಲ್ಲಿಗೆ ಮನೆ ಬದಲಿಸುವವರಿಗೆ ಮಾಡಿದ ಸೌಲಭ್ಯ ಅದು. ಬೇರೆ ಬ್ಯಾಂಕುಗಳ ಕಾರ್ಡಿಗೆ ಹೋದರೆ ಎಸ್‌ಎಸ್‌ಎನ್ ಇಲ್ಲದವರು ಐಟಿನ್ ಅನ್ನುವ ತೆರಿಗೆ ನಂಬರ್ ಮಾಡಿಸಿಕೊಳ್ಳಬೇಕು. ಅದು 9ರಿಂದ ಶುರುವಾಗುವ ನಂಬರ್. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಅದನ್ನು ಕೊಡುವುದು ತೆರಿಗೆ ಕೆಲಸಕ್ಕೆ, ಕಾರ್ಡ್ ಬೇಕು ಅಂತ ಕೇಳಿದವರಿಗಲ್ಲ. ಅರ್ಜಿಗೆ ಮೂಲ ಪಾಸ್‌ಪೋರ್ಟನ್ನೇ ಅಂಚೆಯಲ್ಲಿ ಕಳಿಸಬೇಕು, ಇಲ್ಲವೇ ಪಾಸ್‌ಪೋರ್ಟ್ ಕೊಟ್ಟವರಿಂದಲೇ ದೃಢೀಕರಿಸಿದ ಪ್ರತಿ ತರಬೇಕು, ಅದೂ ಬೇಡವೆಂದರೆ ಐಆರ್‌ಎಸ್ ಒಪ್ಪಿದ ಏಜೆಂಟರಿಗೆ ದುಡ್ಡು ಕೊಡಬೇಕು. ವಿಮಾನದ ಒಂದು ಬಿಸಿನೆಸ್ ಕ್ಲಾಸ್ ಸೀಟಿಗಾಗಿ ಪಾಸ್‌ಪೋರ್ಟನ್ನು ಟೆಕ್ಸಸ್‌ಗೆ ಅಂಚೆಯಲ್ಲಿ ಕಳಿಸುವ ಧೈರ್ಯ ನನಗಿಲ್ಲ.

ಈ ಎಲ್ಲದರಲ್ಲೂ ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಬೆಂಗಳೂರಿನಲ್ಲಿ ಸಾಲ ತೆಗೆದಾಗ ನಮ್ಮ ಸಿಬಿಲ್ ಸ್ಕೋರ್ ನೋಡುತ್ತಿದ್ದರಲ್ಲ, ಆ ಕಂಪನಿಯ ಈಗಿನ ಪೂರ್ತಿ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಕೆನಡಾಕ್ಕೆ ಬಂದರೆ ಇಲ್ಲಿ ಸ್ಕೋರ್ ಕೊಡುವ ಎರಡು ಸಂಸ್ಥೆಗಳಲ್ಲಿ ಒಂದು ಟ್ರಾನ್ಸ್‌ಯೂನಿಯನ್. ಅಮೆರಿಕಕ್ಕೆ ಹೋದರೆ ಅಲ್ಲೂ ಅದೇ, ಅದರ ಕೇಂದ್ರ ಕಚೇರಿ ಶಿಕಾಗೋದಲ್ಲಿದೆ. ಮೂರು ದೇಶದಲ್ಲೂ ಒಂದೇ ಕಂಪನಿಯ ಬಳಿ ನಮ್ಮ ಜಾತಕ ಇದೆ. ಆದರೂ ಪ್ರತಿ ದೇಶದಲ್ಲೂ ನಾವು ನಿನ್ನೆ ಹುಟ್ಟಿದ ಮಗುವೇ. ಇಲ್ಲಿಗೆ ಬಂದ ಹೊಸತರಲ್ಲಿ ಡೆಪಾಸಿಟ್ ಇಟ್ಟು ಚಿಕ್ಕ ಮಿತಿಯ ಕಾರ್ಡ್ ತೆಗೆದುಕೊಂಡದ್ದು ಎಷ್ಟು ಜನರಿಗೆ ನೆನಪಿಲ್ಲ ಹೇಳಿ? ಬ್ಯಾಂಕುಗಳು ಗಡಿ ದಾಟಿ ಬ್ಯಾಂಕುಗಳನ್ನೇ ಕೊಳ್ಳುತ್ತವೆ, ನಮ್ಮ ಹತ್ತು ವರ್ಷದ ಪ್ರಾಮಾಣಿಕ ಕಂತು ಮಾತ್ರ ಬಫಲೋ ಗಡಿಯ ಪೀಸ್ ಬ್ರಿಡ್ಜ್ ದಾಟುವುದಿಲ್ಲ.

ನಮ್ಮಲ್ಲಿ ಒಂದು ಗುಂಪಿಗೆ ಮಾತ್ರ ಈ ತಾಪತ್ರಯ ಕಡಿಮೆ. ಮೊದಲು ಅಮೆರಿಕದಲ್ಲಿ ಎಚ್-1ಬಿ ಮೇಲೆ ಇದ್ದು ಆಮೇಲೆ ಇಲ್ಲಿಗೆ ಬಂದವರು. 2023ರ ಜುಲೈನಲ್ಲಿ ಕೆನಡಾ ಎಚ್-1ಬಿಯವರಿಗೆ 10,000 ವರ್ಕ್ ಪರ್ಮಿಟ್ ಅಂತ ಬಾಗಿಲು ತೆರೆದಾಗ ಎರಡು ದಿನ ತುಂಬುವ ಮೊದಲೇ ಅರ್ಜಿ ಭರ್ತಿಯಾಯಿತು, ನೆನಪಿದೆಯಲ್ಲ? ಎಸ್‌ಎಸ್‌ಎನ್ ಒಮ್ಮೆ ಸಿಕ್ಕರೆ ಜೀವನಪೂರ್ತಿ ನಿಮ್ಮದೇ. ನೀವು ಇಲ್ಲಿಗೆ ಬರುವ ಗಡಿಬಿಡಿಯಲ್ಲಿ ಅಲ್ಲಿಯ ಹಳೆಯ ಖಾತೆ, ಹಳೆಯ ಕಾರ್ಡ್ ಮುಚ್ಚಬೇಡಿ. ವಾರ್ಷಿಕ ಶುಲ್ಕ ಇಲ್ಲದ ಕಾರ್ಡ್ ಒಂದಾದರೂ ಜೀವಂತ ಇರಲಿ. ಆದರೆ ವಾಸ ಬದಲಾಗಿದೆ ಅಂತ ಬ್ಯಾಂಕಿಗೆ ತಿಳಿಸಿ ಡಬ್ಲ್ಯೂ-8ಬೆನ್ ಕೊಡಿ. ನಾಳೆ ಕೆನಡಾದ ಪೌರತ್ವ ಸಿಕ್ಕಿ ಟಿಎನ್ (ಕೆನಡಾದ ಪ್ರಜೆಗಳಿಗೆ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವ ಅನುಮತಿ) ಮೇಲೆ ವಾಪಸ್ ಹೋಗುವವರಿಗೆ ಆ ಹಳೆಯ ಇತಿಹಾಸದ ಬೆಲೆ ಏನು ಅಂತ ಅಪಾರ್ಟ್‌ಮೆಂಟ್ ಬಾಡಿಗೆಗೆ ಹುಡುಕುವಾಗ ಗೊತ್ತಾಗುತ್ತದೆ.

ತೆರಿಗೆಯದ್ದು ಚುಟುಕಾಗಿ. ಅಮೆರಿಕದ ಬ್ಯಾಂಕ್ ಬಡ್ಡಿಗೆ ನಮ್ಮಂಥವರಿಂದ ಅಲ್ಲಿ ತೆರಿಗೆ ಹಿಡಿಯುವುದಿಲ್ಲ. ಇಲ್ಲಿ ಕೆನಡಾದ ತೆರಿಗೆ ಇಲಾಖೆ ಸಿಆರ್‌ಎಗೆ ತೋರಿಸಬೇಕು. ಹೊರದೇಶದ ಆಸ್ತಿಯೆಲ್ಲ ಸೇರಿ, ಕೊಂಡ ಬೆಲೆಯಲ್ಲಿ, ಒಂದು ಲಕ್ಷ ಕೆನಡಾ ಡಾಲರ್ ದಾಟಿದರೆ ಟಿ1135 ಫಾರಂ ಬೇರೆ ತುಂಬಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಅಮೆರಿಕದ ಖಾತೆಯ ಜೊತೆಗೆ ಊರಿನ ಎನ್‌ಆರ್‌ಒ, ಎನ್‌ಆರ್‌ಇ ಡೆಪಾಸಿಟ್, ಮೈಸೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತದೆ. ತಡವಾದರೆ ದಿನಕ್ಕೆ 25 ಡಾಲರ್ ದಂಡ, 2,500 ಡಾಲರ್‌ವರೆಗೆ.

ಈಗಾಗಲೇ ಕಸಿನ್ ಮನೆಯನ್ನೇ ವಾಸದ ಮನೆ ಅಂತ ಬರೆದುಕೊಟ್ಟವರು ಒಂದು ಕೆಲಸ ಮಾಡಿ. ಮೊದಲು ಗಡಿಯಾಚೆ ಸೇವೆ ಕೊಡುವ ಕೆನಡಿಯನ್ ಬ್ಯಾಂಕಿನಲ್ಲಿ ನಿಮ್ಮ ನಿಜವಾದ ವಿಳಾಸ ಕೊಟ್ಟು ಒಂದು ಅಮೆರಿಕನ್ ಖಾತೆ ತೆರೆಯಿರಿ. ಹಳೆಯ ಖಾತೆಯ ದುಡ್ಡನ್ನು, ತಾನಾಗಿ ಕಡಿತವಾಗುವ ಬಿಲ್ಲುಗಳನ್ನು ಅಲ್ಲಿಗೆ ಸಾಗಿಸಿ. ಕೂಡಿಟ್ಟ ಪಾಯಿಂಟ್ ಇದ್ದರೆ ಖರ್ಚು ಮಾಡಿ. ಆಮೇಲೆ ಹಳೆಯ ಬ್ಯಾಂಕಿಗೆ ಫೋನ್ ಮಾಡಿ ವಿಳಾಸ ಬದಲಿಸಿ ಅನ್ನಿ. ಕೆನಡಾದ ವಿಳಾಸ ನಮ್ಮಲ್ಲಿ ನಡೆಯುವುದಿಲ್ಲ, ಖಾತೆ ಮುಚ್ಚುತ್ತೇವೆ ಅಂದರೆ ಮುಚ್ಚಲಿ ಬಿಡಿ. ಖಾತೆ ಮುಚ್ಚಿದ ಕಾಗದ ಕಸಿನ್ ಮನೆಗೇ ಹೋಗುತ್ತದೆ, ಅವರಿಗೊಂದು ಮಾತು ಮೊದಲೇ ಹೇಳಿಟ್ಟಿರಿ.