ಕೊನೇ ರೀಲಿನಾಗ ದೆವ್ವ

ಎರಡು ತಾಸು ಪೊಲೀಸರು ಕೊಲೆಗಾರನ ಬೆನ್ನು ಹತ್ತಿರುತ್ತಾರೆ. ಬೆರಳಚ್ಚು, ಫೋನ್ ಟವರು, ಸಿಸಿಟಿವಿ ಎಲ್ಲ ಜಾಲಾಡಿ ಆಗಿರುತ್ತದೆ. ಇನ್ನು ಇಪ್ಪತ್ತು ನಿಮಿಷ ಉಳಿದಿರುವಾಗ ಗೋಡೆಯೊಳಗಿಂದ ದೆವ್ವ ಹೊರಬರುತ್ತದೆ. ವಿಜಯಪುರದ ಹಳೇ ಟಾಕೀಜುಗಳಲ್ಲಿ ಆಗ ಮೊದಲ ಬೈಗುಳ ಬೀಳುವುದು ನಿರ್ದೇಶಕನಿಗಲ್ಲ, ಸಿನಿಮಾ ಓಡಿಸುವ ಆಪರೇಟರಿಗೆ: ‘ಏ, ಬ್ಯಾರೇ ಪಿಚ್ಚರ್‌ದ ರೀಲ್ ಹಾಕ್ಯಾನಲೇ!’

ಗುಮಾನಿ ಪೂರ್ತಿ ಸುಳ್ಳೂ ಅಲ್ಲ. ಫಿಲಂ ಕಾಲದಲ್ಲಿ ನಮ್ಮ ಸಿನಿಮಾ ಸಾಮಾನ್ಯವಾಗಿ 14–16 ರೀಲು. ಒಂದು ರೀಲು ಸಾವಿರ ಅಡಿ. ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ಸುಮಾರು 11 ನಿಮಿಷಕ್ಕೆ ಖಾಲಿ. ಅದಕ್ಕೇ ಎರಡು ಪ್ರೊಜೆಕ್ಟರ್. ಒಂದರಲ್ಲಿ ಮುಗಿಯುತ್ತ ಬಂದಾಗ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಇನ್ನೊಂದರ ಮೋಟಾರು ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿಗೆ ಎರಡನೇ ಚುಕ್ಕೆ ಬಂದರೆ ಬದಲಿಸಬೇಕು. ಚುಕ್ಕೆ ಇರುವುದು ನಾಲ್ಕೇ ಫ್ರೇಮು, ಸೆಕೆಂಡಿನ ಆರನೇ ಒಂದು ಪಾಲು. ಆ ಹೊತ್ತಿಗೆ ಆಪರೇಟರ್ ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಪಡಿಸುತ್ತಿದ್ದರೆ ಪರದೆ ಬೆಳ್ಳಗೆ, ಕೆಳಗೆ ಸೀಟಿ.

ಪ್ರತಿ ರೀಲಿನ ಮೊದಲಿಗೂ ಕೊನೆಗೂ ಲೀಡರ್ ಅನ್ನುವ ಪಟ್ಟಿ ಇದ್ದು, ಅದರ ಮೇಲೆ ಸಿನಿಮಾದ ಹೆಸರು, ರೀಲಿನ ನಂಬರು ಇರುತ್ತಿದ್ದವು. ಪ್ರಿಂಟು ಊರೂರು ತಿರುಗಿ ಬರುವಷ್ಟರಲ್ಲಿ ಅದು ಹರಿದು, ಅಂಟಿಸಿ, ಮತ್ತೆ ಹರಿದಿರುತ್ತಿತ್ತು. ನಂಬರೇ ಹೋದರೆ ಹನ್ನೊಂದು ಹನ್ನೆರಡು ಅದಲುಬದಲು. ಈಗಷ್ಟೇ ಹೆಣವಾದ ನಾಯಕ ಮರುಕ್ಷಣ ತೋಟದಲ್ಲಿ ಹಾಡು ಹೇಳುತ್ತಾನೆ. ರಿವೈಂಡ್ ಮಾಡದೇ ಹಾಕಿದರೆ ಎಲ್ಲರೂ ತಲೆಕೆಳಗಾಗಿ ಹಿಂದಕ್ಕೆ ನಡೆಯುತ್ತಾರೆ. ಥ್ರಿಲ್ಲರ್ ಪುಕ್ಕಟೆಯಾಗಿ ಕಾಮಿಡಿ ಆಗುವ ಬಗೆ ಇದು.

ಈಗ ಸಿನಿಮಾ ಡಿಜಿಟಲ್ ಫೈಲಾಗಿ ಬಂದು ಸರ್ವರಿನಲ್ಲಿ ಕೂರುತ್ತದೆ. ಹನ್ನೆರಡನೇ ರೀಲು ಅನ್ನುವ ವಸ್ತುವೇ ಇಲ್ಲ. ಆದ್ದರಿಂದ ದೆವ್ವ ಬಂದರೆ ಅದನ್ನು ಕರೆತಂದವನು ನಿರ್ದೇಶಕನೇ, ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಥ್ರಿಲ್ಲರಿನ ನಡುವೆ ದೆವ್ವ ತಂದು ಸಿನಿಮಾದ ಜಾತಿ ಕೆಡಿಸುವುದೇ ಆದರೆ ಅದಕ್ಕೂ ಒಂದು ರೀತಿ ಇದೆ. 2016ರ ಹಾಲಿವುಡ್ ಸಿನಿಮಾ ‘10 ಕ್ಲೋವರ್‌ಫೀಲ್ಡ್ ಲೇನ್’ ನೋಡಿ. (ಇನ್ನೂ ನೋಡದವರು ಈ ಪ್ಯಾರಾ ಹಾರಿಸಿ, ಆಮೇಲೆ ನಮ್ಮನ್ನು ಬೈಬೇಡಿ.) ಬಹುಪಾಲು ಸಿನಿಮಾ ನೆಲಮಾಳಿಗೆಯಲ್ಲೇ ನಡೆಯುತ್ತದೆ: ಹೊರಗಿನ ಗಾಳಿ ವಿಷ ಎನ್ನುವ ಒಬ್ಬ ಗಂಡಸು, ಅವನನ್ನು ನಂಬಬೇಕೋ ಬೇಡವೋ ತಿಳಿಯದ ಹುಡುಗಿ. ಅವಳು ಸ್ನಾನದ ಮನೆಯ ಪರದೆ ಕತ್ತರಿಸಿ ರಕ್ಷಾಕವಚ ಹೊಲಿದುಕೊಂಡು ಹೊರಬಿದ್ದರೆ, ಅಲ್ಲಿ ಅನ್ಯಗ್ರಹದವರು! ಆದರೂ ಮೋಸ ಅನ್ನಿಸುವುದಿಲ್ಲ. ಆತ ನೌಕಾಪಡೆಯಲ್ಲಿ ಉಪಗ್ರಹಗಳ ಕೆಲಸದಲ್ಲಿದ್ದವನೆಂದು ಮುಂಚೆಯೇ ಹೇಳಿಸಿದ್ದಾರೆ. ಮುಖದ ಚರ್ಮ ಕಿತ್ತುಬಂದ ಹೆಂಗಸು ಬಾಗಿಲು ಬಡಿದುಹೋಗಿದ್ದಾಳೆ. ಬಿತ್ತಿದ್ದು ಮೊಳಕೆ ಬಂತು, ಅಷ್ಟೇ. ಬಿತ್ತದೇ ರಾಶಿ ಮಾಡಲು ಹೊರಟಾಗಲೇ ಟಾಕೀಜಿನಲ್ಲಿ ಗದ್ದಲ.

ಗದ್ದಲಕ್ಕೆ ಮೊದಲು ಸಿಗುವವನು ಪಕ್ಕದಲ್ಲಿ ಕುಂತ ಮುತ್ಯಾಗೆ ಕಥೆ ಬಿಡಿಸಿ ಹೇಳುತ್ತಿದ್ದ ಮೊಮ್ಮಗ. ಎರಡು ತಾಸು ‘ಅಂವಾ ಇನ್ಸ್‌ಪೆಕ್ಟರ್, ಇಂವಾ ಕಳ್ಳ’ ಎಂದು ಲೆಕ್ಕ ಒಪ್ಪಿಸಿರುತ್ತಾನೆ. ದೆವ್ವ ಬಂದ ಮೇಲೆ ಮುತ್ಯಾ ಕೇಳುವುದು ಒಂದೇ: ‘ಆ ಇನ್ಸ್‌ಪೆಟ್ರು ಎಲ್ಲಿ ಹೋದ್ನೋ ತಮ್ಮಾ? ಪಗಾರ ತಗೊಂಡು ಮನಿಗಿ ಹೋದ್ನೇನು?’ ಚಿತ್ರಕಥೆ ಬರೆದವರ ಬಳಿಯೂ ಇದಕ್ಕೆ ಉತ್ತರವಿರುವುದಿಲ್ಲ.

ಇಂಟರ್ವಲ್ಲಿನಲ್ಲೇ ಕೊಲೆಗಾರ ಯಾರೆಂದು ಮಿರ್ಚಿ ಭಜಿ ಪಂದ್ಯ ಕಟ್ಟಿದವರದು ಬೇರೆ ಪಾಡು. ದೆವ್ವದ ಮೇಲೆ ಯಾರೂ ಕಟ್ಟಿರುವುದಿಲ್ಲ. ಇನ್ನು ಪಾರ್ಕಿಂಗಿನಲ್ಲಿ ಗಾಡಿ ಸಿಕ್ಕಿಬೀಳುತ್ತದೆಂದು, ಪರದೆಯ ಮೇಲೆ ಪೊಲೀಸರು ಡಾಕ್ಟರಿಗೆ ಬೇಡಿ ಹಾಕಿದ ಕೂಡಲೇ ಎದ್ದುಹೋಗುವ ಜಾಣರಿರುತ್ತಾರೆ. ಅವರ ಪ್ರಕಾರ ಕೊಲೆಗಾರ ಡಾಕ್ಟರು, ಕಥೆ ಅಲ್ಲಿಗೆ ಖಲಾಸ್. ಮರುದಿನ ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗ ಒಬ್ಬ ‘ಡಾಕ್ಟರ್’ ಅನ್ನುತ್ತಾನೆ, ಇನ್ನೊಬ್ಬ ‘ದೆವ್ವ’ ಅನ್ನುತ್ತಾನೆ. ಇಬ್ಬರ ಟಿಕೆಟ್ಟೂ ಒಂದೇ ಷೋದ್ದು, ಭಜಿ ರೊಕ್ಕ ಮಾತ್ರ ಯಾರೂ ಬಿಚ್ಚುವುದಿಲ್ಲ.