ಏನೂ ಇಲ್ಲದ ದಂಡೆಗೆ ಏನಾದರೂ ಮಾಡಬೇಕು

ಕಾರವಾರದ ಕಡಲದಂಡೆಗಳ ಬಗ್ಗೆ ಪ್ರವಾಸಿಗರು, ಅಧಿಕಾರಿಗಳು, ಜನಪ್ರತಿನಿಧಿಗಳು ಎಲ್ಲರೂ ಒಮ್ಮತದಿಂದ ಹೇಳುವ ದೂರು ಒಂದೇ: ಅಲ್ಲಿ ಏನೂ ಇಲ್ಲ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕಾಳಿ ನದಿಯ ಅಳಿವೆ, ನಡುವೆ ದೇವಬಾಗದ ಗಾಳಿಮರಗಳ ತೋಪು, ಎದುರಿಗೆ ಕೂರ್ಮಗಡ ದ್ವೀಪ, ದೇವಗಡದ ದೀಪಸ್ತಂಭ, ಬೆನ್ನಿಗೆ ಸಹ್ಯಾದ್ರಿ. ಇಷ್ಟು ಬಿಟ್ಟರೆ ನಿಜಕ್ಕೂ ಏನೂ ಇಲ್ಲ. ಹುಬ್ಬಳ್ಳಿಯಿಂದ ಟೆಂಪೋ ಟ್ರಾವೆಲರ್‌ನಲ್ಲಿ ಬಂದಿಳಿದ ಕುಟುಂಬದ ಯಜಮಾನರು ದೋಣಿಯವನನ್ನು ಕೇಳುತ್ತಾರೆ: "ಇಲ್ಲೇನೇನ್ ಆಕ್ಟಿವಿಟಿ ಅದಾವ್ರೀ?" "ಈಗ ಇಳಿತ ಉಂಟು ಸರ್, ಮರಳಿನ ಮೇಲೆ ತುದಿವರೆಗೆ ನಡೆದು ಬನ್ನಿ." "ಅದಕ್ಕ ಟಿಕೆಟ್ ಎಷ್ಟ್ರೀ?" ಟಿಕೆಟ್ಟೇ ಇಲ್ಲ ಎಂದು ತಿಳಿದೊಡನೆ ಅವರ ಉತ್ಸಾಹವೂ ಇಳಿದುಹೋಗುತ್ತದೆ.

ಹೊರಾಂಗಣ ಚಟುವಟಿಕೆ ಎಂದರೆ ಏನು ಎಂಬುದರ ಬಗ್ಗೆ ನಮ್ಮ ಪ್ರವಾಸೋದ್ಯಮ ಈಗ ಸ್ಪಷ್ಟ ನಿಲುವಿಗೆ ಬಂದಿದೆ. ಅದಕ್ಕೆ ಎಂಜಿನ್ ಇರಬೇಕು, ರಸೀದಿ ಇರಬೇಕು, ಹತ್ತು ನಿಮಿಷದೊಳಗೆ ಮುಗಿಯಬೇಕು. ಬನಾನಾ ಬೋಟ್ ಈ ಎಲ್ಲ ಲಕ್ಷಣಗಳನ್ನೂ ಪೂರೈಸುವ ಆದರ್ಶ ಕ್ರೀಡೆ: ಗಾಳಿ ತುಂಬಿದ ಹಳದಿ ಕೊಳವೆಯ ಮೇಲೆ ಸಾಲಾಗಿ ಕುಳಿತವರನ್ನು ಮೋಟಾರು ದೋಣಿ ಎಳೆದೊಯ್ದು, ಒಂದು ಸುತ್ತು ಹಾಕಿಸಿ, ಮರಳುವಾಗ ಬೇಕೆಂದೇ ಗಕ್ಕನೆ ತಿರುಗಿ ಎಲ್ಲರನ್ನೂ ನೀರಿಗೆ ಕೆಡವುತ್ತದೆ. ಕೆಡವುವುದೂ ಶುಲ್ಕದಲ್ಲೇ ಸೇರಿದೆ. ಅದೇ ಹೊತ್ತಿನಲ್ಲಿ ಅಳಿವೆಯ ಬದಿಯಲ್ಲಿ, ಇಳಿತ ನೋಡಿಕೊಂಡು ನೀರಿಗಿಳಿದ ಹೆಂಗಸರು ಕೆಸರುಮರಳನ್ನು ಪಾದದಿಂದಲೇ ತಡವಿ, ಬಳಚು ಎಂಬ ಚಿಪ್ಪುಮೀನು ಸಿಕ್ಕಿದ್ದನ್ನು ಹೆಬ್ಬೆರಳಿನ ತುದಿಯಿಂದ ಗುರುತಿಸಿ, ಬಗ್ಗಿ ಹೆಕ್ಕಿ, ಪಕ್ಕದಲ್ಲಿ ತೇಲುತ್ತಿರುವ ಪಾತ್ರೆಗೆ ಹಾಕುತ್ತಿರುತ್ತಾರೆ. ನೀರು, ಬಿಸಿಲು, ವ್ಯಾಯಾಮ ಎಲ್ಲವೂ ಇದ್ದರೂ ಅವರು ಯಾರಿಗೂ ಹಣ ಕೊಡದೇ ಇರುವುದರಿಂದ ಅದು ಚಟುವಟಿಕೆಯ ಪಟ್ಟಿಗೆ ಸೇರುವುದಿಲ್ಲ. ರಾತ್ರಿ ಅದೇ ಬಳಚಿನ ಸುಕ್ಕೆ ರೆಸಾರ್ಟಿನ ತಟ್ಟೆಗೆ ಬಂದಾಗ 'ಸ್ಥಳೀಯ ಅನುಭವ' ಎಂಬ ಹೆಸರಿನಲ್ಲಿ ಬಿಲ್ಲಿನೊಳಗೆ ಕಾಣಿಸಿಕೊಳ್ಳುತ್ತದೆ.

ನಗರದ ಮುಖ್ಯ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, ಆಗಿನ್ನೂ ತರುಣರಾಗಿದ್ದ ಕವಿ ಒಂದು ಬೆಳುದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲ್ಮುಖವಾಗಿ ಹೋಗಿ, ಗುಡ್ಡದ ಕೋಟೆಯ ಬಳಿ ಇಳಿದು, ಹಿಂದಿರುಗುವಾಗ ಅಳಿವೆಯಲ್ಲಿ ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇಂದಿನ ಕಣ್ಣಿನಿಂದ ನೋಡಿದರೆ ಇದು ಅಪರಾಧಗಳ ಸರಮಾಲೆಯೇ ಸರಿ: ಸೂರ್ಯಾಸ್ತದ ನಂತರ ದೋಣಿ ವಿಹಾರ, ಲೈಫ್ ಜಾಕೆಟ್ ಇಲ್ಲ, ಆಧಾರ್ ನಕಲು ಇಲ್ಲ, ಸಾಲದ್ದಕ್ಕೆ ಅವೇಳೆಯಲ್ಲಿ ದಂಡೆಯ ಮೇಲೆ ಅಲೆದಾಟ. (ಜೀವರಕ್ಷಕರ ಸಿಳ್ಳೆಯನ್ನು ಇಲ್ಲಿ ಗೇಲಿ ಮಾಡುತ್ತಿಲ್ಲ; ಗೋಕರ್ಣ, ಮುರುಡೇಶ್ವರಗಳ ಅಲೆ ಎಷ್ಟು ಮನೆಗಳ ದೀಪ ಆರಿಸಿದೆ ಎಂಬುದು ಈ ಜಿಲ್ಲೆಯವರಿಗೆ ಗೊತ್ತು.) ಈಗ ಅವರ ಹೆಸರಿನ ದಂಡೆಗೆ ಬರುವವರು ನೋಡುವ ಮುಖ್ಯ ಹಡಗು ನಿವೃತ್ತ ಯುದ್ಧನೌಕೆ ಚಪಲ್. ಅದು ನಿಂತಿರುವುದು ನೆಲದ ಮೇಲೆ.

ಇನ್ನು ಅಭಿವೃದ್ಧಿಯ ಮಾತು. ದೇವಬಾಗದಂಥ ದಂಡೆ ಎಂದರೆ ನದಿ ಮತ್ತು ಕಡಲು ಸೇರಿ ಸದ್ಯಕ್ಕೆ ಇಟ್ಟಿರುವ ಮರಳು. ಅಮೆರಿಕದ ಪೂರ್ವ ಕರಾವಳಿಯಲ್ಲಿ ತೀರಕ್ಕೆ ಸಮಾನಾಂತರವಾಗಿ ಇಂಥ ಮರಳಿನ ದ್ವೀಪಗಳ ಸಾಲೇ ಇದೆ. ರಜೆ ಬಂದರೆ ಅಲ್ಲಿಯೂ ಜನ ಗಾಳಿಪಟ, ಗಾಳ, ಸೈಕಲ್ಲು ಹಿಡಿದು ಹೋಗುತ್ತಾರೆ. ಉತ್ತರ ಕೆರೊಲಿನಾದ ಕೇಪ್ ಹ್ಯಾಟರಸ್ ದೀಪಸ್ತಂಭದ ಬುಡಕ್ಕೆ ಕಡಲು ಸಮೀಪಿಸಿದಾಗ, 1999ರಲ್ಲಿ ಇಡೀ ಸ್ತಂಭವನ್ನೇ ಹಳಿಗಳ ಮೇಲೆ ಸುಮಾರು 880 ಮೀಟರ್ ಹಿಂದಕ್ಕೆ ಜರುಗಿಸಿದರು. ಮರಳು ನಿಲ್ಲುವುದಿಲ್ಲವಾದ್ದರಿಂದ ನಾವೇ ಸರಿಯಬೇಕು ಎಂಬ ಸೋಲೊಪ್ಪಿದ ಮನೋಭಾವ ಅದು. ನಾವು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

ಮುಂಗಾರಿನ ದೊಡ್ಡ ಅಲೆಗಳು ದಂಡೆಯ ಮರಳನ್ನು ಕೆರೆದು ಒಳಕ್ಕೆ ಒಯ್ಯುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ಸ್ವಲ್ಪಸ್ವಲ್ಪವಾಗಿ ತಂದು ಹಾಕುತ್ತವೆ. ಕಾಳಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಾದ ಮೇಲೆ ಘಟ್ಟದಿಂದ ಇಳಿಯಬೇಕಾದ ಮರಳಿನ ಒಂದು ಪಾಲು ಮೇಲೆಯೇ ಕೂತಿದೆ. ಮಳೆಗಾಲದಲ್ಲಿ ದಂಡೆ ಕಿರಿದಾಗುತ್ತದೆ ಎಂಬುದು ಮೀನುಗಾರರ ಕೇರಿಯ ಮಕ್ಕಳಿಗೂ ಗೊತ್ತು. ಅವರ ಅಪ್ಪಂದಿರು ಜೂನ್ ಹತ್ತಿರ ಬರುತ್ತಲೇ ದೋಣಿಯನ್ನು ಮೇಲಕ್ಕೆ ಎಳೆದಿಟ್ಟು ಮುಚ್ಚುತ್ತಾರೆ. ಆದರೆ ಅಂದಾಜುಪಟ್ಟಿ ತಯಾರಿಸುವವರು ಸ್ಥಳ ಪರಿಶೀಲನೆಗೆ ಬರುವುದು ದಂಡೆ ಮೈಚೆಲ್ಲಿ ಮಲಗಿರುವ ಡಿಸೆಂಬರಿನಲ್ಲಿ. ಆ ಅಗಲಕ್ಕೆ ತಕ್ಕಂತೆ ಇಂಟರ್‌ಲಾಕ್ ಹಾಸು, ಗ್ರಾನೈಟ್ ಬೆಂಚು, ಊರಿನ ಹೆಸರಿನ ಆಳೆತ್ತರದ ಅಕ್ಷರಗಳು, ಡಾಲ್ಫಿನ್ ಆಕಾರದ ಕಸದ ಬುಟ್ಟಿ ಮಂಜೂರಾಗುತ್ತವೆ. ಕೂರ್ಮಗಡದ ಬಳಿ ಜೀವಂತ ಡಾಲ್ಫಿನ್ ಕಾಣಲು ಅದೃಷ್ಟ ಬೇಕು. ಬಾಯಿ ತೆರೆದು ಚಿಪ್ಸ್ ಪೊಟ್ಟಣಕ್ಕಾಗಿ ಕಾಯುವ ಫೈಬರ್ ಡಾಲ್ಫಿನ್ ಎಲ್ಲರಿಗೂ ಖಾತ್ರಿ.

ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ದಂಡೆಯಲ್ಲಿ ಪ್ರವಾಸಿಗರಿಗಾಗಿ ತಾತ್ಕಾಲಿಕ ಜೋಪಡಿ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳಿಗೆ ಅವಕಾಶ ಕೊಟ್ಟಿದೆ. ಕಾಂಕ್ರೀಟ್ ಹೇಗೆ ತಾತ್ಕಾಲಿಕವಾಗುತ್ತದೆ ಎಂದು ತಕರಾರು ತೆಗೆಯುವವರು ಜುಲೈನಲ್ಲಿ ಒಮ್ಮೆ ಬಂದು ನೋಡಬೇಕು. ಬಲೆ ಇಡಲು ಗುಡಿಸಲು ಹಾಕಿಕೊಂಡ ಮೀನುಗಾರನಿಗೆ ನೋಟಿಸು ಬರುವುದೂ ಈ ತರ್ಕದ ಪ್ರಕಾರ ಸರಿಯೇ: ಅವನ ಗುಡಿಸಲು ಮಳೆಗಾಲ ತಡೆದು ನಿಲ್ಲುತ್ತದೆ, ಆದ್ದರಿಂದ ಅದು ಶಾಶ್ವತ ರಚನೆ.

ಚಳಿಗಾಲದ ರಾತ್ರಿಗಳಲ್ಲಿ ಇದೇ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಬಂದು, ಗುಂಡಿ ತೋಡಿ, ನೂರರಷ್ಟು ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತವೆ. ಸುಮಾರು 50 ದಿನಗಳ ಮೇಲೆ ಹೊರಬರುವ ಮರಿಗಳಿಗೆ ಬೆಳಕು ಹೆಚ್ಚಿರುವ ದಿಕ್ಕೇ ಕಡಲು. ಒಂದು ಇಲಾಖೆ ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತದೆ. ಮತ್ತೊಂದು ಇಲಾಖೆ ರಾತ್ರಿ ಪ್ರವಾಸೋದ್ಯಮದ ಉತ್ತೇಜನಕ್ಕೆಂದು ದಂಡೆಗೇ ಹೈಮಾಸ್ಟ್ ದೀಪ ಹಾಕಿಸುತ್ತದೆ. ಮರಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮರಳಿನ ಮೇಲೆ ಓಡಿದ ನಾಲ್ಕು ಚಕ್ರದ ಬೈಕಿನ ಟೈರು ಗೆರೆಗೆ ಬಿದ್ದರೆ ಅದಕ್ಕೆ ಹತ್ತಿ ಬರಲಾಗದು. ಗೆರೆ ಹಿಡಿದು ನಡೆಯುತ್ತಲೇ ಹೋಗುತ್ತದೆ, ಟೈರು ಎಲ್ಲಿಗೆ ಹೋಗಿತ್ತೋ ಅಲ್ಲಿಗೆ, ಅಂದರೆ ಟಿಕೆಟ್ ಕೌಂಟರಿಗೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಜಲಸಾಹಸವೂ ಬಂದ್. ಆಗ ದಂಡೆಯಲ್ಲಿ ಉಳಿಯುವ ಏಕೈಕ ಹೊರಾಂಗಣ ಚಟುವಟಿಕೆ ಹಾನಿ ಪರಿಶೀಲನೆ. ಕೊಡೆ ಹಿಡಿದು, ಪ್ಯಾಂಟು ಮಡಚಿಕೊಂಡ ಗಣ್ಯರು ವಾಲಿದ ಅಕ್ಷರಗಳ ನಡುವೆ ನಿಂತು, ಕಡಲ್ಕೊರೆತಕ್ಕೆ ಶಾಶ್ವತ ಪರಿಹಾರವೆಂದು ಬಂಡೆಗಲ್ಲಿನ ತಡೆಗೋಡೆ ಘೋಷಿಸುತ್ತಾರೆ. ಗೋಡೆ ಹಾಕಿದಲ್ಲಿಂದ ಅಲೆ ಪಕ್ಕದ ಕೇರಿಗೆ ತಿರುಗುತ್ತದೆ, ಮರುವರ್ಷ ಗೋಡೆಯೂ ಅಲ್ಲಿಗೆ ಮುಂದುವರಿಯುತ್ತದೆ. ಬಂಡೆಗಳ ಹಿಂದೆ ಮರೆಯಾದ ಕಡಲನ್ನು ಪ್ರವಾಸಿಗರಿಗೆ ತೋರಿಸಲು ಕಾಂಕ್ರೀಟಿನ ವೀಕ್ಷಣಾ ಗೋಪುರವೊಂದು ಬೇಕೇ ಬೇಕಾಗುತ್ತದೆ. ನಿಯಮದ ದೃಷ್ಟಿಯಲ್ಲಿ ಅದೂ ತಾತ್ಕಾಲಿಕ.